ಫಲಪುಷ್ಪ ಪ್ರದರ್ಶನದಲ್ಲಿ ಟೊಮೆಟೊ ಕಸಿಗೂ ಒಂದು ಮೇಜು ಇರಲಿ

ಮಾನ್ಯರೇ,

2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ಕುವೆಂಪುನಗರದ ನಮ್ಮ ಬೀದಿಯಲ್ಲಿ ತಾರಸಿಗೆ ಕುಂಡ ಹೊರದವರೇ ಇರಲಿಲ್ಲ. ಈಗ ಆ ಕುಂಡಗಳಲ್ಲಿ ಇರುವುದು ದೊಡ್ಡಪತ್ರೆ. ಜನರ ಸೋಮಾರಿತನ ಇದಕ್ಕೆ ಕಾರಣವಲ್ಲ. ಕಾಯಿ ಕಚ್ಚುವ ಹೊತ್ತಿಗೆ, ಎಲೆ ಇನ್ನೂ ಹಸಿರಾಗಿರುವಾಗಲೇ ಗಿಡ ಮಧ್ಯಾಹ್ನ ಜೋತುಬೀಳುತ್ತದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಕಥೆ ಮುಗಿದಿರುತ್ತದೆ.

ನೀರು ಸಾಲಲಿಲ್ಲ ಎಂದು ಒಬ್ಬರು, ಜಾಸ್ತಿಯಾಯಿತು ಎಂದು ಇನ್ನೊಬ್ಬರು. ಸುಮ್ಮನೆ ವಾದ ಬೇಡ. ಬಾಡಿದ ಗಿಡದ ಬುಡದ ಕಡೆಯ ಕಾಂಡವನ್ನು ಕತ್ತರಿಸಿ, ಕೊಯ್ದ ತುದಿ ಮುಳುಗುವಂತೆ ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲೇ ಬೆಳ್ಳನೆಯ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಅಡುಗೆಮನೆ ಕಿಟಕಿಯ ಬೆಳಕಿನಲ್ಲಿ ನೋಡಿದ್ದೇನೆ, ಊದುಬತ್ತಿಯ ಹೊಗೆ ತಲೆಕೆಳಗಾಗಿ ಇಳಿಯುವ ಹಾಗೆ ಇರುತ್ತದೆ. ಈ ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಿಡಿದ ಗಿಡವನ್ನು ಉಳಿಸುವ ಔಷಧಿ ಇಲ್ಲ. ಅದೇ ಮಣ್ಣಿಗೆ ಮೆಣಸಿನ ಗಿಡ ಇಟ್ಟರೆ ಅದಕ್ಕೂ ಬರಬಹುದು.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗ ತಡೆಯುತ್ತದಲ್ಲ ಎನ್ನುತ್ತೀರಿ. ಹೌದು, ಒಳ್ಳೆಯ ತಳಿ. ಆದರೆ ನನಗೆ ಸಾರಿಗೆ ಬೇಕಾದದ್ದು ಹುಳಿ ನಾಟಿ ಟೊಮೆಟೊ. ಹಾಗಾದರೆ ರೋಗ ತಡೆಯುವ ಬೇರಿನ ಮೇಲೆ ನಾಟಿ ಟೊಮೆಟೊದ ತಲೆ ಕೂರಿಸಬೇಕು, ಅದೇ ಕಸಿ. ಅದೇ ಸಂಸ್ಥೆಯ ಅರ್ಕಾ ನೀಲಕಂಠ, ಅರ್ಕಾ ಕೇಶವ್ ಬದನೆಗಳು ಸೊರಗು ರೋಗ ತಡೆದುಕೊಳ್ಳುತ್ತವೆ. ಸುಂಡೆಕಾಯಿ ಗಿಡವೂ ಆಗುತ್ತದೆ, ಆದರೆ ಅದರ ಬೀಜ ಮೊಳೆಯಲು ಬಹಳ ಸತಾಯಿಸುತ್ತದೆ. (ನಮ್ಮ ಈರನಗೆರೆ ಬದನೆಯ ತಲೆ ಕಡಿಯಲು ನನಗೆ ಮನಸ್ಸು ಬರಲಿಲ್ಲ, ಅದು ಎಣ್ಣೆಗಾಯಿಗೇ ಇರಲಿ.)

ಬದನೆ ನಿಧಾನ, ಅದಕ್ಕೇ ಟೊಮೆಟೊಗಿಂತ ಒಂದು ವಾರ ಮೊದಲು ಬಿತ್ತಬೇಕು. ಎರಡರ ಕಾಂಡವೂ ಸುಮಾರು 2 ಮಿಲಿಮೀಟರ್ ದಪ್ಪ ಆದಾಗ, ಸ್ಪಿರಿಟ್‌ನಲ್ಲಿ ಒರೆಸಿದ ಹೊಸ ಬ್ಲೇಡಿನಿಂದ ಎರಡನ್ನೂ ಒಂದೇ ಓರೆಯಲ್ಲಿ, ನಾವು ಹೊಲಿಗೆಯವರು ‘ಕ್ರಾಸ್’ ಎನ್ನುತ್ತೇವಲ್ಲ ಹಾಗೆ, ಒಂದೇ ಎಳೆತಕ್ಕೆ ಕತ್ತರಿಸಬೇಕು. ಗರಗಸದಂತೆ ಹಿಂದೆಮುಂದೆ ಎಳೆದರೆ ಕೂಡುವುದಿಲ್ಲ. ಆಮೇಲೆ ಬದನೆಯ ಬುಡದ ಮೇಲೆ ಟೊಮೆಟೊದ ತಲೆ ಕೂಡಿಸಬೇಕು. ಆ ಜಾಗವನ್ನು ಹಿಡಿದಿಡುವ ಕಸಿ ಕ್ಲಿಪ್ ನನಗೆ ಇಲ್ಲಿ ಸಿಗಲಿಲ್ಲ. ಸೈಕಲ್ ಅಂಗಡಿಯ ವಾಲ್ವ್ ಟ್ಯೂಬನ್ನು ಬೆರಳಗಲ ತುಂಡು ಮಾಡಿ, ಉದ್ದಕ್ಕೆ ಸೀಳಿ ಹಾಕಿದೆ, ಭದ್ರವಾಗಿ ಕೂತಿತು.

ಕತ್ತರಿಸುವುದಕ್ಕಿಂತ ಕಷ್ಟ ಆಮೇಲಿನ ಬಾಣಂತನ. ಎರಡು ದಿನ ಕತ್ತಲಲ್ಲಿ, ಒಳಗೆಲ್ಲ ತೇವ ತುಂಬಿದ ಮುಚ್ಚಿದ ಡಬ್ಬದಲ್ಲಿ ಇಡಬೇಕು. ನೀರು ಚಿಮುಕಿಸುವುದು ಡಬ್ಬದ ಗೋಡೆಗೆ, ಗಾಯಕ್ಕಲ್ಲ. ಮೂರನೆಯ ದಿನದಿಂದ ಸ್ವಲ್ಪಸ್ವಲ್ಪವೇ ಬೆಳಕು, ಗಾಳಿ. ವಾರ ಹತ್ತು ದಿನಕ್ಕೆ ಹೊರಗೆ ತರಬಹುದು. ಕುಂಡಕ್ಕೆ ಇಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲೇ ಇರಬೇಕು. ಹೂತುಹೋದರೆ ಟೊಮೆಟೊ ತನ್ನದೇ ಬೇರು ಬಿಟ್ಟು ಮಾಡಿದ್ದೆಲ್ಲ ನೀರುಪಾಲು. ಕೆಳಗಿನಿಂದ ಬದನೆ ಚಿಗುರಿದರೆ ಆಗಾಗ ಚಿವುಟಿ ಹಾಕಿ. ಹಣ್ಣಿಗೆ ಬದನೆ ರುಚಿ ಬರುತ್ತದೆಯೇ ಎಂದು ಕೇಳುವವರಿಗೆ ಒಂದು ಲೋಟ ಸಾರು ಕೊಡುತ್ತೇನೆ. ಆದರೆ ಬಿಳಿನೊಣ ಹರಡುವ ಎಲೆ ಮುದುಡು ರೋಗಕ್ಕೆ ಈ ಕಸಿ ಮದ್ದಲ್ಲ. ಅದನ್ನೂ ಹೇಳಿಬಿಡಬೇಕು.

ವಾರಾಣಸಿಯ ತರಕಾರಿ ಸಂಶೋಧನಾ ಸಂಸ್ಥೆ ಒಂದೇ ಗಿಡದಲ್ಲಿ ಬದನೆ, ಟೊಮೆಟೊ ಎರಡನ್ನೂ ಬಿಡಿಸಿ ತೋರಿಸಿದೆ. ನಮ್ಮೂರಲ್ಲಿ ಕಸಿ ಎಂದರೆ ಇನ್ನೂ ಮಾವು, ಗುಲಾಬಿ. ದಸರೆಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಊರಿಗೆ ಊರೇ ಬರುತ್ತದೆ. ಹೂವಿನಲ್ಲಿ ಮಾಡಿದ ಆಕೃತಿಗಳ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತೇವೆ, ಸಂತೋಷವೇ. ಅಲ್ಲೇ ಒಂದು ಮೂಲೆಯಲ್ಲಿ ತೋಟಗಾರಿಕೆ ಇಲಾಖೆ ಒಂದು ಮೇಜು, ಸಸಿ ಟ್ರೇ, ಬ್ಲೇಡು, ಕೈ ಹಿಡಿದು ಕಲಿಸುವ ಒಬ್ಬರನ್ನು ಇಡಲಿ. ಇದನ್ನು ಓದಿ ಕಲಿಯುವುದಕ್ಕಿಂತ ಒಮ್ಮೆ ಕತ್ತರಿಸಿ ನೋಡಿದರೆ ಬೇಗ ಬರುತ್ತದೆ. ಬದನೆ ಸಸಿ ಕಸಿಯ ಹದಕ್ಕೆ ಬರಲು ಹೆಚ್ಚೂಕಡಿಮೆ ಒಂದು ತಿಂಗಳು ಬೇಕು, ಇಲಾಖೆಯವರು ಬೀಜವನ್ನು ಗೌರಿ ಹಬ್ಬದ ಆಸುಪಾಸಿಗೇ ಟ್ರೇಗೆ ಹಾಕಿಸಬೇಕು.

- ಹೊಲಿಗೆ ಕೆಲಸದ ಒಬ್ಬ ಗೃಹಿಣಿ, ಕುವೆಂಪುನಗರ, ಮೈಸೂರು