ದರಿಯಾ ದೌಲತ್‌ನಲ್ಲಿ ಕಡಲ ಕತೆಗೂ ಒಂದು ಮೂಲೆ ಇರಲಿ

ಸಂಪಾದಕರೇ,

ಕಳೆದ ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿದ್ದೆ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಅದು. ಈಗ ವಸ್ತು ಸಂಗ್ರಹಾಲಯ. ಹೊರಗೆ ಸುಡುವ ಬಿಸಿಲು, ಒಳಗೆ ಕಾಲಿಟ್ಟರೆ ತಂಪು. ತೇಗದ ಕಂಬಗಳು, ಗೋಡೆ ತುಂಬ ಬಣ್ಣ. ಪಶ್ಚಿಮದ ಗೋಡೆಯಲ್ಲಿ ಹೈದರಾಲಿ, ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಆನೆ, ಕುದುರೆ, ಸಿಪಾಯಿಗಳು, ನಡುವೆ ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಪಡೆಯ ನಾಯಕ ಕರ್ನಲ್ ಬೈಲಿ. ಮೊಮ್ಮಗಳು ಅದರ ಮುಂದಿನಿಂದ ಕದಲಲೇ ಇಲ್ಲ.

ಆಮೇಲೆ ತೋಟದಲ್ಲಿ ಕೂತಾಗ ಕೇಳಿದಳು: “ತಾತ, ದರಿಯಾ ಅಂದ್ರೇನು?” ಪಾರ್ಸಿಯಲ್ಲಿ ಕಡಲು ಅಂತ ಅರ್ಥ, ದರಿಯಾ ದೌಲತ್ ಅಂದರೆ ಕಡಲ ಸಂಪತ್ತು ಎಂದೆ. “ಇಲ್ಲಿರೋದು ಕಾವೇರಿ ಅಲ್ವಾ, ಕಡಲೆಲ್ಲಿ?”

ಎಷ್ಟು ಒಳ್ಳೆಯ ಪ್ರಶ್ನೆ! ಹೈದರಾಲಿ ಮಂಗಳೂರಿನಲ್ಲಿ ಹಡಗು ಕಟ್ಟಿಸಿದ್ದನ್ನು ಹೇಳಿದೆ. ಟಿಪ್ಪು ದೂರದ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದು, ನಮ್ಮ ಗಂಧ, ಮೆಣಸು, ಏಲಕ್ಕಿ, ಅಕ್ಕಿ ಹಡಗು ಹತ್ತಿ ಅಲ್ಲಿಗೆ ಹೋಗಿದ್ದು ಕೇಳಿ ಅವಳ ಕಣ್ಣು ಅರಳಿತು.

ಹೆಸರಲ್ಲೇ ಕಡಲಿರುವ ಈ ಮನೆಯಲ್ಲಿ ಈ ಕತೆಗೆಂದೇ ಒಂದು ಮೂಲೆ ಮೀಸಲಿಡಲಿ ಎಂಬುದು ನನ್ನ ಕೋರಿಕೆ. ಜಾಸ್ತಿ ಖರ್ಚಿನ ಕೆಲಸವಲ್ಲ. ಆ ಕಾಲದ ಹಡಗಿನ ಒಂದು ಮಾದರಿ, ಬಂದರುಗಳ ನಕ್ಷೆ, ಮಕ್ಕಳು ತಾವೇ ಓದಿಕೊಳ್ಳುವಂಥ ಕನ್ನಡ ಫಲಕ ಸಾಕು. ಶಾಲಾ ಪ್ರವಾಸದ ಬಸ್‌ಗಳು ಶುರುವಾಗುವ ಮೊದಲೇ ಸಂಬಂಧಪಟ್ಟವರು ಇದನ್ನು ಮಾಡಿಸಲಿ.

– ನಿಮ್ಮ ಓದುಗ, ಮಂಡ್ಯ