ತಿಳಿಸಾರು ಅಕ್ಕನಿಗೆ

ಅಕ್ಕಾ, ಹೆಸರು ಬರೆಯಬೇಡ ಅಂದಿದ್ದೀರಿ, ಬರೆಯುವುದಿಲ್ಲ. ನನ್ನ ಫೋನಿನಲ್ಲೂ ನೀವು ‘ತಿಳಿಸಾರು ಅಕ್ಕ’ನೇ.

ತೂಕ ಇಳಿಸುವ ಸ್ಲೀವ್ ಆಪರೇಷನ್ ಅಂದರೆ ಹೊಟ್ಟೆಯ (ಜಠರದ) ಮುಕ್ಕಾಲು ಪಾಲು ತೆಗೆಯುವುದು. ಹೆದರಿ ಕೂತಿದ್ದೆ. “ನಂದೂ ಆಗಿದೆ ಕಣಮ್ಮ” ಅಂತ ಪಕ್ಕದಲ್ಲಿ ಬಂದು ಕೂತಿರಿ. ಆಪರೇಷನ್ನಿಗೂ ಮೊದಲಿನ 2 ವಾರದ ಪಥ್ಯ ಸುಮ್ನೆ ಅಲ್ಲ, ಲಿವರ್ ಕುಗ್ಗಿದರೆ ಡಾಕ್ಟರಿಗೆ ಕೆಲಸ ಸಲೀಸು ಅಂತ ಬಿಡಿಸಿ ಹೇಳಿದ್ದೂ ನೀವೇ. ಮನೆಯಲ್ಲಿ ಬಿಸಿಬೇಳೆಬಾತ್ ಘಮಘಮ ಅನ್ನುವಾಗ ನಾನು ತಿಳಿಸಾರು ಕುಡಿದೆ. ನಿಮ್ಮನ್ನು ಬೈದುಕೊಂಡೇ!

ಆಪರೇಷನ್ ಆದಮೇಲೆ ಗುಟುಕು ಗುಟುಕಾಗಿ ನೀರು. ಊಟದ ಜೊತೆ ಮಾತ್ರ ಬೇಡ, ಅರ್ಧ ಗಂಟೆ ಬಿಟ್ಟು.

4ನೇ ತಿಂಗಳು ಬಾಚಣಿಗೆ ತುಂಬ ಕೂದಲು. ರಾತ್ರಿ 11ಕ್ಕೆ ಅಳುತ್ತಾ ಫೋನ್ ಮಾಡಿದೆ. “ನಂದೂ ಉದುರಿತ್ತು, ಮತ್ತೆ ಬಂತು. ಪ್ರೋಟೀನ್ ಬೇಕು, ಇವತ್ತು ಮೊಟ್ಟೆ ತಿಂದ್ಯಾ?” ಅಂದಿರಿ.

ತಿಂದಿರಲಿಲ್ಲ. ಈಗ ತಿನ್ನುತ್ತಿದ್ದೇನೆ ಅಕ್ಕಾ. ಥ್ಯಾಂಕ್ಸ್.