ಲೋಗೊ, ಲೇಬಲ್‌ಗಳ ಮೂಲ ಫೈಲ್ ಬದಲಾಗುತ್ತಿರುವ ಬಗ್ಗೆ ನಮ್ಮ ಗ್ರಾಹಕರಿಗೆ ಪತ್ರ

ಹಾಸನ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮಲ್ಲಿ ಹೊಸದಾಗಿ ಸಿದ್ಧವಾಗುವ ಲೋಗೊ, ಲೇಬಲ್ ಮತ್ತು ನಾಮಫಲಕಗಳ ವಿನ್ಯಾಸವನ್ನು ಕೋರೆಲ್ ಡ್ರಾ ಬದಲಿಗೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಮಾಡಲಿದ್ದೇವೆ. ಮೂಲ ಪ್ರತಿಯನ್ನು ಕೋರೆಲ್ ಡ್ರಾದ ಸಿಡಿಆರ್ ಫೈಲ್ ಬದಲಿಗೆ, ಚಿತ್ರವನ್ನು ಗೆರೆ, ಆಕಾರಗಳ ಲೆಕ್ಕವಾಗಿ ಇಡುವ ಎಸ್‌ವಿಜಿ ಫೈಲ್ ಆಗಿ ಇಟ್ಟುಕೊಂಡು, ಅದರ ಒಂದು ಪ್ರತಿಯನ್ನು ಕೆಲಸ ಮುಗಿದ ದಿನವೇ ತಮಗೆ ಒಪ್ಪಿಸಲಿದ್ದೇವೆ. ಈವರೆಗೆ ಮೂಲ ಫೈಲನ್ನು ಕೇಳಿದವರಿಗೆ ಮಾತ್ರ ಕೊಡುತ್ತಿದ್ದೆವು, ಅದೂ ಕೆಲವೊಮ್ಮೆ ಒಲ್ಲದ ಮನಸ್ಸಿನಿಂದ ಎಂಬುದನ್ನು ಒಪ್ಪಿಕೊಳ್ಳಬೇಕು.

ಈ ಬದಲಾವಣೆಗೆ ಕಾರಣವಾದದ್ದು ನಮ್ಮದೇ ಒಂದು ಎಡವಟ್ಟು. ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ಕಾಫಿ ಪುಡಿ ಪೊಟ್ಟಣದ ಲೇಬಲ್ ಮಾಡಿಕೊಟ್ಟಿದ್ದೆವು. ಕಳೆದ ವರ್ಷ ಅವರು ಆ ಫೈಲನ್ನು ಬೆಂಗಳೂರಿನ ಪೌಚ್ ಮುದ್ರಕರಲ್ಲಿಗೆ ಒಯ್ದರೆ, ಅಲ್ಲಿದ್ದ ಕೋರೆಲ್ ನಮ್ಮದಕ್ಕಿಂತ ಹಳೆಯ ಆವೃತ್ತಿಯಾದ್ದರಿಂದ ಫೈಲ್ ತೆರೆಯಲೇ ಇಲ್ಲ. ಹಳೆಯ ಆವೃತ್ತಿಗೆ ಇಳಿಸಿ ಮತ್ತೆ ಕಳುಹಿಸಿದೆವು. ಈ ಸಲ ತೆರೆಯಿತು, ಆದರೆ ಆ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇರಲಿಲ್ಲ. ‘ಶುದ್ಧ ಕಾಫಿ ಪುಡಿ’ ಎಂದು ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರಗಳೂ ಏನೇನೋ ಚಿಹ್ನೆಗಳೂ ಸೇರಿದ ಕಲಸುಮೇಲೋಗರ ಬಂದಿತ್ತು. ಅವರು ಬಸ್ಸು ಹತ್ತಿ ನಮ್ಮ ಅಂಗಡಿಗೇ ಬಂದು, “ನನ್ನ ಕಾಫಿ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವೋ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಗೋಜಲಿನಲ್ಲಿ ಎರಡು ತೊಡಕುಗಳಿದ್ದವು. ಮೊದಲನೆಯದು ಫೈಲಿನದು. ಸಿಡಿಆರ್ ಎಂಬುದು ಕೋರೆಲ್ ಕಂಪನಿಯ ಸ್ವಂತ ರೂಪ. ಹೊಸ ಆವೃತ್ತಿಯಲ್ಲಿ ಉಳಿಸಿದ್ದನ್ನು ಹಳೆಯದು ಓದುವುದಿಲ್ಲ, ಬೇರೆ ತಂತ್ರಾಂಶಗಳು ಓದಿದರೂ ಅರೆಬರೆ. ಇಲಸ್ಟ್ರೇಟರ್ ಎಂಬ ಇನ್ನೊಂದು ವಿನ್ಯಾಸ ತಂತ್ರಾಂಶದ ಎಐ ಫೈಲಿನ ಕಥೆಯೂ ಹೆಚ್ಚು ಬೇರೆಯಲ್ಲ. ಎಸ್‌ವಿಜಿ ಹಾಗಲ್ಲ. ವೆಬ್ಬಿನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2001ರಲ್ಲಿ ಅದರ ಮೊದಲ ಆವೃತ್ತಿಯನ್ನು ಪ್ರಕಟಿಸಿತು, ನಿಯಮಗಳೆಲ್ಲ ಬಹಿರಂಗ. ಎಸ್‌ವಿಜಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ, ವೃತ್ತದ ಕೇಂದ್ರ ಎಲ್ಲಿ, ತ್ರಿಜ್ಯ ಎಷ್ಟು, ಯಾವ ಬಣ್ಣ ತುಂಬಬೇಕು ಎಂಬುದೆಲ್ಲ ಪಠ್ಯವಾಗಿಯೇ ಕಾಣುತ್ತದೆ. ಹೀಗಾಗಿ ಇಂಕ್‌ಸ್ಕೇಪ್, ಕೋರೆಲ್, ಇಲಸ್ಟ್ರೇಟರ್ ಮೂರೂ ಅದನ್ನು ತೆರೆಯಬಲ್ಲವು. ಏನೂ ಇಲ್ಲದಿದ್ದರೆ ಬ್ರೌಸರಿನಲ್ಲಾದರೂ ನೋಡಬಹುದು.

ಎರಡನೆಯದು ಅಕ್ಷರದ್ದು. ನುಡಿ, ಬರಹಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ಫಾಂಟ್ ಇಲ್ಲದ ಕಡೆ ಕೆಳಗಿನ ಇಂಗ್ಲಿಷ್ ಹೊರಬೀಳುತ್ತದೆ. ಇನ್ನು ಮುಂದೆ ನಾವು, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡಿನಲ್ಲೇ ಟೈಪ್ ಮಾಡುತ್ತೇವೆ. ಬೇರೆ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಸಿಗದಿದ್ದರೆ ಅಕ್ಷರದ ಚಂದ ಕೆಟ್ಟೀತು, ಕನ್ನಡ ಕೆಡದು. ನೋಟೊ, ‘ಬಾಲೂ ತಮ್ಮ’ ಮೊದಲಾದ ಮುಕ್ತ ಪರವಾನಗಿಯ ಫಾಂಟುಗಳನ್ನು ಬಳಸುವುದರಿಂದ ಅವನ್ನೂ ಫೈಲಿನ ಜೊತೆಗೇ ಕೊಡಬಹುದು. ಇದಲ್ಲದೆ ಅಕ್ಷರಗಳನ್ನೆಲ್ಲ ಕರ್ವ್ ಮಾಡಿದ, ಅಂದರೆ ಬರಿಯ ಗೆರೆಗಳಾಗಿ ಬದಲಿಸಿದ ಇನ್ನೊಂದು ಪ್ರತಿಯೂ ಇರುತ್ತದೆ. ಅದರಲ್ಲಿ ಒತ್ತಕ್ಷರ ಜರುಗುವ ಭಯವಿಲ್ಲ, ಆದರೆ ಮುಂದೆ ಫೋನ್ ನಂಬರ್ ತಿದ್ದಲು ಬರುವುದಿಲ್ಲ. ಆದ್ದರಿಂದ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು.

ತಂತ್ರಾಂಶದ ಆಯ್ಕೆಯ ಬಗ್ಗೆ ಹೇಳುವುದಾದರೆ, ಇಲಸ್ಟ್ರೇಟರ್ 1987ರಲ್ಲಿ, ಕೋರೆಲ್ ಡ್ರಾ 1989ರಲ್ಲಿ ಬಂದವು. ಪಳಗಿದ ಕೈಗೆ ಎರಡೂ ಒಳ್ಳೆಯ ಸಾಧನಗಳೇ. ಇಲಸ್ಟ್ರೇಟರಿಗೆ ಚಂದಾ ಕಟ್ಟುತ್ತಲೇ ಇರಬೇಕು, ನಿಲ್ಲಿಸಿದ ಮೇಲೆ ಅದರಲ್ಲಿ ಕೆಲಸ ಸಾಗದು. 2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್ ಮುಕ್ತ ತಂತ್ರಾಂಶ, ದುಡ್ಡಿಲ್ಲದೆ ಸಿಗುತ್ತದೆ. ಆದರೆ ಉಚಿತವೆಂಬುದಕ್ಕಿಂತ ನಮಗೆ ಮುಖ್ಯವಾದದ್ದು, ನಮ್ಮ ಅಂಗಡಿಯ ಹಂಗಿಲ್ಲದೆ ತಾವೂ ಅದನ್ನು ಮನೆಯ ಕಂಪ್ಯೂಟರಿಗೆ ಹಾಕಿಕೊಂಡು ತಮ್ಮ ಲೇಬಲನ್ನು ತೆರೆಯಬಹುದು ಎಂಬುದು.

ಕೊರತೆಯನ್ನು ಮುಚ್ಚಿಡುವುದಿಲ್ಲ. ಇಂಕ್‌ಸ್ಕೇಪ್ ಮೂಲತಃ ಪರದೆಯ ಮೂರು ಬಣ್ಣಗಳ ಲೆಕ್ಕದಲ್ಲಿ ಕೆಲಸ ಮಾಡುವಂಥದ್ದು, ಆಫ್‌ಸೆಟ್ ಯಂತ್ರದ್ದು ನಾಲ್ಕು ಶಾಯಿಗಳ ಲೆಕ್ಕ, ಒಂದೊಂದು ಶಾಯಿಗೂ ಒಂದು ಅಚ್ಚಿನ ಪ್ಲೇಟ್. ಪರದೆಯ ಕಪ್ಪನ್ನು ಹಾಗೆಯೇ ಪ್ಲೇಟಿಗೆ ಕಳುಹಿಸಿದರೆ ಅದು ನಾಲ್ಕು ಶಾಯಿಗಳಲ್ಲೂ ಹಂಚಿಹೋಗುತ್ತದೆ. ಆಗ ಒಂದು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಲಗ್ನಪತ್ರಿಕೆಯ ಸಣ್ಣ ಅಕ್ಷರಗಳ ಒತ್ತುಗಳಿಗೆ ಬಣ್ಣದ ಅಂಚು ಮೂಡಿ, ಓದುವವರ ಕಣ್ಣು ನೋಯುತ್ತದೆ. ಆದಕಾರಣ ಒಂದು ಕಂಪ್ಯೂಟರಿನಲ್ಲಿ ಕೋರೆಲ್ ಉಳಿಸಿಕೊಂಡಿದ್ದೇವೆ. ಆಫ್‌ಸೆಟ್ ಕೆಲಸದ ಬಣ್ಣವನ್ನು ಅದರಲ್ಲೇ ಸರಿಪಡಿಸಿ, ಪಿಡಿಎಫ್ ಮಾಡಿ ಪ್ಲೇಟಿಗೆ ಕೊಡುತ್ತೇವೆ. ತಮ್ಮ ಹಳೆಯ ಸಿಡಿಆರ್ ಫೈಲುಗಳೂ ಅದರಲ್ಲೇ ತೆರೆಯುತ್ತವೆ.

ಇನ್ನು ತಾವು ತರುವ ಚಿತ್ರಗಳ ವಿಷಯ. ತೋಟದ ಫೋಟೊ, ವಧೂವರರ ಫೋಟೊಗಳಿಗೆ ಜೆಪಿಇಜಿ ಸಾಕು, ಅವು ಎಸ್‌ವಿಜಿ ಆಗಬೇಕಿಲ್ಲ. ಲೋಗೊ ಮಾತ್ರ ಜೆಪಿಇಜಿಯಲ್ಲಿ ಬೇಡ. ಜೆಪಿಇಜಿ ಚಿತ್ರವನ್ನು 8 ಅಡ್ಡ 8 ಉದ್ದದ ಪಿಕ್ಸೆಲ್ (ಚಿತ್ರದ ಚುಕ್ಕೆ) ಚೌಕಗಳಾಗಿ ಒಡೆದು, ಕಣ್ಣಿಗೆ ಕಾಣದೆಂದು ಭಾವಿಸಿದ ವಿವರವನ್ನು ಬಿಸಾಡುತ್ತದೆ. ಅಕ್ಷರದ ಚೂಪು ಅಂಚಿನ ಸುತ್ತ ಬೂದು ಧೂಳಿನಂತೆ ಕಾಣುವುದು ಅದರ ಗುರುತು. ವಾಟ್ಸಾಪಿನಲ್ಲಿ ಬಂದ 600 ಪಿಕ್ಸೆಲ್ ಅಗಲದ ಲೋಗೊ, ಅಂಗುಲಕ್ಕೆ 300 ಚುಕ್ಕೆಯ ಮುದ್ರಣದಲ್ಲಿ 2 ಅಂಗುಲಕ್ಕೆ ಮುಗಿಯಿತು. ಅದನ್ನೇ 10 ಅಡಿಯ ಬ್ಯಾನರಿಗೆ ಹಿಗ್ಗಿಸಿದರೆ ಒಂದೊಂದು ಪಿಕ್ಸೆಲ್ ಸುಮಾರು 5 ಮಿಲಿಮೀಟರ್, ಅಂದರೆ ಒಂದು ಕಾಳುಮೆಣಸಿನಷ್ಟು ದಪ್ಪ ಆಗುತ್ತದೆ. ಜೆಪಿಇಜಿಯನ್ನು ಪಿಡಿಎಫ್ ಒಳಗೆ ಇಟ್ಟು ತಂದರೂ ಪ್ರಯೋಜನವಿಲ್ಲ. ಪಿಡಿಎಫ್ ತೆರೆದು ಬಹಳ ದೊಡ್ಡದು ಮಾಡಿ ನೋಡಿ: ಅಂಚು ನುಣುಪಾಗಿಯೇ ಇದ್ದರೆ ಅದು ಗೆರೆ, ಮೆಟ್ಟಿಲು ಕಂಡರೆ ಅದು ಫೋಟೊ.

ಬೇಲೂರಿನಲ್ಲಿ ಮೊಬೈಲಿನಿಂದ ತೆಗೆದ ಹೊಯ್ಸಳ ಲಾಂಛನವನ್ನು ತಂದು, ‘ಟ್ರೇಸ್ ಮಾಡಿಬಿಡಿ’, ಅಂದರೆ ಕಂಪ್ಯೂಟರಿನಿಂದಲೇ ಫೋಟೊವನ್ನು ಗೆರೆಗಳಾಗಿಸಿಬಿಡಿ, ಎನ್ನುವವರಿಗೂ ಒಂದು ಮಾತು. ಗುಂಡಿ ಒತ್ತಿದರೆ ಟ್ರೇಸ್ ಆಗುತ್ತದೆ, ನಿಜ. ಆದರೆ ಕಲ್ಲಿನ ಮಚ್ಚೆ, ನೆರಳು ಎಲ್ಲವೂ ಗೆರೆಗಳಾಗಿ, ಸ್ಟಿಕ್ಕರ್ ಕತ್ತರಿಸುವ ಯಂತ್ರದ ಬ್ಲೇಡು ಸಿಂಹದ ಕೇಸರದ ಬಳಿ ಅಡಿಗಡಿಗೆ ತಡವರಿಸಿ ಹಾಳೆಯನ್ನೇ ಹರಿಯುತ್ತದೆ. ಅಂಥದ್ದನ್ನು ಕೈಯಿಂದಲೇ ಗೆರೆ ಎಳೆದು ಬರೆಯಬೇಕು. ಅದಕ್ಕೆ ಪ್ರತ್ಯೇಕ ದರ ಇರುತ್ತದೆ, ಮೊತ್ತವನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆದ ನಂತರವೇ ಕೆಲಸ ಹಿಡಿಯುತ್ತೇವೆ.

ಪ್ರತಿ ಹೊಸ ಕೆಲಸದ ಜೊತೆ ಎಸ್‌ವಿಜಿಯ ಎರಡು ಪ್ರತಿಗಳು, ಮುದ್ರಣಕ್ಕೆ ಪಿಡಿಎಫ್, ಮೊಬೈಲಿಗೆ ಹಿನ್ನೆಲೆಯಿಲ್ಲದ ಪಿಎನ್‌ಜಿ ಸಿಗುತ್ತವೆ. ಪಿಎನ್‌ಜಿಯನ್ನು ವಾಟ್ಸಾಪಿನಲ್ಲಿ ಕಳುಹಿಸುವಾಗ ಫೋಟೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಬೇಕು, ಇಲ್ಲವಾದರೆ ಅದು ದಾರಿಯಲ್ಲೇ ಜೆಪಿಇಜಿ ಆಗಿಬಿಡುತ್ತದೆ. ಈಗಾಗಲೇ ನಮ್ಮಲ್ಲಿ ಲೋಗೊ ಮಾಡಿಸಿದವರ ಹಳೆಯ ಫೈಲುಗಳನ್ನು ಬರುವ ದೀಪಾವಳಿಯವರೆಗೆ ಶುಲ್ಕವಿಲ್ಲದೆ ಎಸ್‌ವಿಜಿಗೆ ಬದಲಿಸಿಕೊಡುತ್ತೇವೆ. ಹಾಸನಾಂಬ ದೇವಿಯ ದರ್ಶನದ ದಿನಗಳಲ್ಲಿ ಬ್ಯಾನರ್ ಕೆಲಸದಿಂದ ತಲೆ ಎತ್ತಲು ಪುರುಸೊತ್ತಿರುವುದಿಲ್ಲವಾದ್ದರಿಂದ, ದಯವಿಟ್ಟು ಅದಕ್ಕೆ ಮೊದಲೇ ಹಳೆಯ ಬಿಲ್ಲು ಅಥವಾ ಮುದ್ರಿತ ಮಾದರಿಯೊಂದನ್ನು ಪೆನ್‌ಡ್ರೈವ್ ಸಹಿತ ತನ್ನಿರಿ.

ತಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು